ಕಾರ್ಯಕ್ಕೆ ತಕ್ಕ ಕ್ರಮ

ಕೈಗೊಂಡ ಕಾರ್ಯ ಕೆಟ್ಟಾಗ ಮಾಡಿದವರನ್ನು ದೂಷಿಸುವುದು ನಮ್ಮೆಲ್ಲರ ರೂಢಿ. ಅನೇಕ ವೇಳೆ ದೋಷವಿರುವುದು ಅವರಲ್ಲಲ್ಲ. ಕಾರ್ಯದ ಸ್ವರೂಪಕ್ಕೆ ಒಗ್ಗದ ಕ್ರಮವನ್ನು ಆಯ್ದುಕೊಂಡದ್ದರಲ್ಲಿ.

ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆ, ಗುಡ್ಡ, ಕಾಡುಗಳ ನಡುವೆ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಕೊಂಡಜ್ಜಿ ಬಸಪ್ಪನವರಂಥ ಹಿರಿಯರು ದುಡಿದ ಚಳುವಳಿಯದು. ಇಂತಹ ನೆಲದಲ್ಲಿ ನಿಂತು ಯೋಚಿಸಿದರೆ ಕಾರ್ಯಗಳ ನಾಲ್ಕು ಬಗೆಗಳು ನಮಗೆ ಸ್ಪಷ್ಟವಾಗುತ್ತವೆ. ಡೇವ್ ಸ್ನೋಡೆನ್ ಎಂಬವರು 1999ರಲ್ಲಿ ಇಂತಹುದೇ ವಿಂಗಡಣೆಯನ್ನು 'ಕನೆವಿನ್' ಎಂಬ ಹೆಸರಿನಿಂದ ರೂಪಿಸತೊಡಗಿದರು.

ಡೇರೆ ಹಾಕುವುದು ಎಲ್ಲರಿಗೂ ತಿಳಿದ ಕೆಲಸ. ಅದಕ್ಕೊಂದು ಪಟ್ಟಿ, ಅದರಂತೆ ನಡೆಯುವ ಶಿಸ್ತು ಇವಿಷ್ಟು ಸಾಕು.

ಸಭಾಭವನ ಕಟ್ಟುವುದು ಬಲ್ಲವರ ಕೆಲಸ. ಬುನಾದಿ ಗಟ್ಟಿಯಾಗದೆ ಗೋಡೆ ಏಳದು. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಹುಟ್ಟಿದ 'ಕ್ರಿಟಿಕಲ್ ಪಾತ್' ಕ್ರಮವು ಇಲ್ಲಿಗೆ ತಕ್ಕದ್ದು. ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಕಟ್ಟಡವೇ ತಡವಾಗುವುದೋ ಅದನ್ನು ಈ ಕ್ರಮ ಮೊದಲೇ ಗುರುತಿಸುತ್ತದೆ.

ಭದ್ರಾ ನಾಲೆಯ ಕೊನೆಯ ಭಾಗದ ರೈತರು ಭತ್ತ ಬಿಟ್ಟು ಬೇರೆ ಬೆಳೆಗೆ ತಿರುಗಬೇಕೆ? ನೀರು, ಮಳೆ, ಪೇಟೆಯ ಧಾರಣೆ ಯಾವುದನ್ನೂ ಮುಂಚಿತವಾಗಿ ಖಚಿತವಾಗಿ ಹೇಳಲಾಗದು. ಇಲ್ಲಿ ಅರ್ಧ ಎಕರೆಯಲ್ಲಿ ಬೆಳೆದು ನೋಡಿ, ಫಲ ಕಂಡು ಮುಂದಿನ ಹೆಜ್ಜೆ ಇಡುವುದೇ ವಿವೇಕ. 2001ರಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸಾರಿದ 'ಅಜೈಲ್' ವಿಧಾನದ ತಿರುಳೂ ಇದೇ.

ಕೆರೆಯಲ್ಲಿ ಮಗು ಮುಳುಗುತ್ತಿದ್ದರೆ ಸಭೆ ಸೇರಲು ಸಮಯವಿಲ್ಲ. ಒಬ್ಬರ ಆಜ್ಞೆಯಂತೆ ಹಗ್ಗ ಎಸೆಯಬೇಕು, ಚರ್ಚೆ ಆಮೇಲೆ.

ಈ ಕ್ರಮಗಳು ಅದಲುಬದಲಾದರೆ ಹಾನಿ ಸಣ್ಣದಲ್ಲ. ಪ್ರಯೋಗ ಮಾಡುತ್ತ ಕಟ್ಟಿದ ಗೋಡೆಯನ್ನು ಒಡೆಯಬೇಕಾಗುತ್ತದೆ. ಪರೀಕ್ಷಿಸದೆ ಇಡೀ ಹೊಲಕ್ಕೆ ಹೂಡಿದ ಹಣ ಸಾಲವಾಗಿ ಕಾಡುತ್ತದೆ. ಆಪತ್ತಿನಲ್ಲಿ ಚರ್ಚಿಸುತ್ತ ಕುಳಿತರೆ ಜೀವವೇ ಹೋಗುತ್ತದೆ.

ಸಂಸಾರಕ್ಕೂ ಈ ಮಾತು ಸಲ್ಲುತ್ತದೆ. ಮದುವೆಯ ಅಡುಗೆಗೆ ಸಾಮಾನಿನ ಪಟ್ಟಿ ಸಾಕು. ಮನೆಗೆ ಬಂದ ಸೊಸೆಯೊಡನೆ ಹೊಂದಿ ಬಾಳಲು ಪಟ್ಟಿ ಸಾಲದು. ಅಲ್ಲಿ ದಿನದಿನವೂ ನೋಡಿ, ಕೇಳಿ, ತಿದ್ದಿಕೊಂಡು ನಡೆಯಬೇಕು.

ಆದುದರಿಂದ ಓದುಗ ಬಂಧುಗಳು ಯಾವುದೇ ಕಾರ್ಯಕ್ಕೆ ಕೈಹಾಕುವ ಮುನ್ನ, ಯಾರು ಮಾಡಬೇಕು, ಎಷ್ಟು ಖರ್ಚು ಎಂದು ಲೆಕ್ಕ ಹಾಕುವುದಕ್ಕೂ ಮೊದಲು, ಇದು ಯಾವ ಬಗೆಯ ಕಾರ್ಯವೆಂದು ಕೂಡಿ ಕುಳಿತು ವಿಚಾರಿಸಲಿ.