ದಂಡಕ್ಕೆ ಶುಲ್ಕವೆಂದು ಹೆಸರು

ಸ್ಟಾಕ್‌ಹೋಮಿನ ಉತ್ತರಕ್ಕಿರುವ ಸೊಲ್ಲೆನ್‌ಟೂನಾದಲ್ಲಿ ನನ್ನ ಮಗಳ ಮನೆಯ ಬಾಗಿಲಿಗೆ ಸೊಂಟದೆತ್ತರದಲ್ಲಿ ಒಂದು ಕಂಡಿಯುಂಟು. ಅಂಚೆಯವನು ಕರೆಗಂಟೆಯನ್ನೊತ್ತದೆ, ಮುಖವನ್ನೂ ತೋರದೆ, ಅದರ ಮೂಲಕ ಕಾಗದಗಳನ್ನು ಒಳಕ್ಕೆ ತೂರಿ ಮರೆಯಾಗುತ್ತಾನೆ. ಕಳೆದ ಮಂಗಳವಾರ ಹಾಗೆ ಬಿದ್ದ ಲಕೋಟೆಯೊಂದು ನನ್ನ ವಾರದ ನೆಮ್ಮದಿಯನ್ನು ಕೆಡಿಸಿತು. ಅಳಿಯಂದಿರಿಗೆ ಕಾರನ್ನು ಲೀಸಿಗೆ ಕೊಟ್ಟಿರುವ ಕಂಪೆನಿಯ ಪತ್ರವದು: ಖಾಸಗಿ ನಿಲುಗಡೆಯ ಜಾಗವೊಂದರಲ್ಲಿ ಕಾರು ನಿಯಮ ತಪ್ಪಿ ನಿಂತುದಕ್ಕಾಗಿ ವಿಧಿಸಲ್ಪಟ್ಟ 700 ಕ್ರೋನರನ್ನು ತಾನು ಈಗಾಗಲೇ ಕಟ್ಟಿರುವುದಾಗಿಯೂ, ಆ ಮೊತ್ತದೊಡನೆ ಅದನ್ನು ಕಟ್ಟಿದ ಶ್ರಮಕ್ಕಾಗಿ ತನ್ನದೊಂದು 'ನಿರ್ವಹಣಾ ಶುಲ್ಕ'ವನ್ನೂ ಕೂಡಿಸಿ ತಿಂಗಳ ಬಾಡಿಗೆಯಲ್ಲಿ ವಸೂಲು ಮಾಡಿಕೊಳ್ಳುವುದಾಗಿಯೂ ಅದರಲ್ಲಿ ಬಹು ಸೌಜನ್ಯದಿಂದ ತಿಳಿಸಲಾಗಿತ್ತು.

ನಡೆದದ್ದು ಇಷ್ಟು. ಜನವರಿಯ ಹಿಮದಲ್ಲಿ ಅಳಿಯಂದಿರ ಕಾರು ಬ್ರೇಕಿನ ತಂಟೆಯಿಂದ ಗ್ಯಾರೇಜು ಸೇರಲು, ಕಂಪೆನಿಯವರು ನಾಲ್ಕು ದಿನದ ಮಟ್ಟಿಗೆ ಬೇರೊಂದು ಕಾರನ್ನು ಕೊಟ್ಟಿದ್ದರು. ಅಂಗಡಿಯ ಹಿಂಬದಿಯಲ್ಲಿ ಅದನ್ನು ನಿಲ್ಲಿಸಿ, ಕೈಗವುಸು ಕಳಚಿ, ಬೆರಳು ಮರಗಟ್ಟುವ ಮುನ್ನ ಮೊಬೈಲಿನ ಆ್ಯಪಿನಲ್ಲಿ ಒಂದೂವರೆ ಗಂಟೆಯ ಹಣವನ್ನು ಅವರು ಕಟ್ಟಿದುದನ್ನು ಪಕ್ಕದಲ್ಲಿ ನಿಂತು ನಾನೇ ಕಂಡಿದ್ದೇನೆ. ಆದರೆ ಆ್ಯಪಿನ ಹೊಟ್ಟೆಯಲ್ಲಿದ್ದುದು ಗ್ಯಾರೇಜಿನಲ್ಲಿ ಮಲಗಿದ್ದ ಕಾರಿನ ನಂಬರು. ಹಣ ಸಂದಿತು, ಸಂದದ್ದು ಅಲ್ಲಿಲ್ಲದ ಕಾರಿಗೆ. ಹಾಲು ಮೊಸರಿನ ಚೀಲ ಹೊತ್ತು ಮರಳುವ ಹೊತ್ತಿಗೆ ವೈಪರಿನಡಿ ಪ್ಲಾಸ್ಟಿಕ್ಕಿನ ಹೊದಿಕೆಯಲ್ಲಿ ಚೀಟಿಯೊಂದು ಹಿಮಕ್ಕೆ ನೆನೆಯದಂತೆ ಭದ್ರವಾಗಿ ಕುಳಿತಿತ್ತು. ಇಂಥ ಚೀಟಿ ಸಿಕ್ಕಿಸುವವರಿಗೆ ಇಲ್ಲಿಯ ಆಡುಮಾತಿನಲ್ಲಿ 'ಲಪ್‌ಲೀಸಾ' ಎಂದು ಹೆಸರು; 'ಚೀಟಿ ಲೀಸಾ' ಎಂದಂತೆ. ದೂರದ ಸಾಲಿನಲ್ಲಿ ಮುಂದಿನ ಬೇಟೆಯನ್ನರಸುತ್ತಿದ್ದ ಅಂದಿನ ಲೀಸಾಳಿಗೆ ಸೊಗಸಾದ ಗಡ್ಡವಿತ್ತು.

ಈ ದೇಶದ ಕಾನೂನನ್ನು ನಾನು ಹಳಿಯಲಾರೆ. ಹಳಿಯಬೇಕೆಂದೇ ಓದಹೊರಟು ಮೆಚ್ಚಿಕೊಂಡು ಮರಳಿದವನು ನಾನು. ಸಾರ್ವಜನಿಕ ಬೀದಿಯಲ್ಲಿ ತಪ್ಪಾಗಿ ನಿಲ್ಲಿಸಿದ ವಾಹನಕ್ಕೆ 1976ರ ಒಂದು ಕಾನೂನು. ಅಲ್ಲಿ ತಕರಾರಿದ್ದರೆ ಪೊಲೀಸರಿಗೆ ಬರೆದುಕೊಳ್ಳಬಹುದಾದರೂ ಹಣವನ್ನು ಮೊದಲು ಕಟ್ಟಿಯೇ ತೀರಬೇಕು. ಖಾಸಗಿ ನೆಲಕ್ಕಾದರೋ 1984ರ ಪ್ರತ್ಯೇಕ ಕಾನೂನು. ನಿಷೇಧವೋ ಷರತ್ತೋ ಆ ಸ್ಥಳದಲ್ಲಿಯೇ ಫಲಕದಿಂದ ಪ್ರಕಟವಾಗಿರಬೇಕು. ವಿಧಿಸುವ ಹಣ ಅದೇ ಊರಿನ ನಗರಸಭೆ ತನ್ನ ಬೀದಿಗಳಿಗೆ ಗೊತ್ತುಮಾಡಿರುವ ಮೊತ್ತವನ್ನು ಮೀರಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಅದು ಇಬ್ಬರು ಖಾಸಗಿಯವರ ನಡುವಣ ವ್ಯವಹಾರವಾದ್ದರಿಂದ, "ನಾನು ಇದನ್ನು ಒಪ್ಪೆನು" ಎಂದು ಕಾರಣಸಹಿತ ಬರೆದು ಹಣವನ್ನು ಕಟ್ಟದೆ ತಡೆಹಿಡಿಯುವ ಹಕ್ಕು ಚೀಟಿ ಪಡೆದವನಿಗುಂಟು. ಹಣ ಬೇಕೆಂದು ಹಟವಿದ್ದ ಕಂಪೆನಿ, ಸಾಲ ವಸೂಲಿಯ ಸರ್ಕಾರಿ ಇಲಾಖೆಯಾದ ಕ್ರೋನೂಫೋಗ್ದನ್ನಿನ ಬಾಗಿಲು ತಟ್ಟಿ, ಅಲ್ಲಿಯೂ ಆತ ಒಪ್ಪದಿದ್ದರೆ ಕೆಳಗಿನ ನ್ಯಾಯಾಲಯಕ್ಕೆ ಹೋಗಿ ತನ್ನ ವಾದವನ್ನು ಸ್ಥಾಪಿಸಿಕೊಳ್ಳಬೇಕು. 700 ಕ್ರೋನರಿಗಾಗಿ ಕೋರ್ಟಿನ ಮೆಟ್ಟಿಲನ್ನು ಹತ್ತಲು ಯಾರಿಗೂ ಅಷ್ಟು ಉತ್ಸಾಹವಿರಲಾರದು. ಅಳಿಯಂದಿರ ಬಳಿ ಹಣ ಕಟ್ಟಿದ ರಸೀದಿಯೂ ಇತ್ತು, ಬದಲಿ ಕಾರು ಕೊಟ್ಟ ಕಾಗದವೂ ಇತ್ತು, ಸಾಕ್ಷಿಗೆ ನಾನಿದ್ದೆ.

ಇಷ್ಟೆಲ್ಲ ಇದ್ದೂ ಸೋತೆವು. ಏಕೆಂದರೆ ಕಾನೂನು ಹಣ ಕೇಳುವುದು ಕಾರಿನ ಒಡೆಯನನ್ನು. ವರ್ಷಕ್ಕೆ ಕಡಮೆಯಿಲ್ಲದ ನಿಶ್ಚಿತ ಅವಧಿಗೆ ಲೀಸು ಹಿಡಿದವನನ್ನು ಅದು ಒಡೆಯನೆಂದೇ ಎಣಿಸುತ್ತದೆ. ಮೂವತ್ತಾರು ತಿಂಗಳ ಕರಾರಿಗೆ ರುಜು ಹಾಕಿದವನಿಗೆ ಚೀಟಿಯೂ ಅವನ ಹೆಸರಿಗೇ ಬರುತ್ತದೆ, ಜಗಳವಾಡುವ ಹಕ್ಕೂ ಅವನದೇ. ನಮ್ಮ ಅಳಿಯಂದಿರಾದರೋ, ಬೆಂಗಳೂರಿಗೆ ಮರಳುವೆವೋ ಇಲ್ಲಿಯೇ ನೆಲೆಸುವೆವೋ ಎಂಬ ಅನಿವಾಸಿಯ ಡೋಲಾಯಮಾನ ಸ್ಥಿತಿಯಲ್ಲಿ ತಿಂಗಳಿಂದ ತಿಂಗಳಿಗೆ ಕರಾರನ್ನು ಮುಂದೂಡುತ್ತ ಬಂದವರು. ಆದಕಾರಣ ವಾಹನದ ದಫ್ತರಿನಲ್ಲಿ ಒಡೆಯನ ಸ್ಥಾನದಲ್ಲಿರುವುದು ಕಂಪೆನಿ; ನಾಲ್ಕು ದಿನದ ಬದಲಿ ಕಾರಿನ ಮಾತಂತೂ ಹೇಳಬೇಕಾದ್ದೇ ಇಲ್ಲ. ಅದು ನಮ್ಮನ್ನೊಂದು ಮಾತು ಕೇಳದೆ ಹಣ ಕಟ್ಟಿತು. ಕಕ್ಷಿಗಾರನು ಬಾಯಿ ತೆರೆಯುವ ಮುನ್ನವೇ ಅವನ ವಕೀಲನು ಎದ್ದು ನಿಂತು ತಪ್ಪೊಪ್ಪಿಕೊಂಡು, ಒಪ್ಪಿಕೊಂಡುದಕ್ಕೆ ಫೀಜನ್ನೂ ಕೇಳಿದಂತಾಯಿತು. ಕಟ್ಟಿದ ಪ್ರತಿಯೊಂದು ಚೀಟಿಗೂ ತನಗೆ ಆದಾಯವಿರುವಾಗ ಯಾವ ಮೂಢನು ತಕರಾರು ಮಾಡಿಯಾನು?

ನನ್ನನ್ನು ಹೆಚ್ಚಾಗಿ ಕೆರಳಿಸಿದ್ದು ಹಣವೂ ಅಲ್ಲ, ಆ 'ಶುಲ್ಕ'ವೆಂಬ ಪದ. ಈ ಅಂಕಣದ ಹಳೆಯ ಓದುಗರಿಗೆ ಇದು ನನ್ನ ಚಿರಕಾಲದ ವ್ಯಾಧಿಯೆಂದು ಗೊತ್ತಿದೆ, ಕ್ಷಮಿಸಬೇಕು. ಸ್ವೀಡಿಷ್ ಕಾನೂನಿನಲ್ಲಿ ಖಾಸಗಿಯವರ ಚೀಟಿಗೆ ದಂಡವೆಂಬ ಹೆಸರಿಲ್ಲ. ಅದು 'ತಪಾಸಣೆಯ ಶುಲ್ಕ'. ನಗರಸಭೆಯದು 'ತಪ್ಪು ನಿಲುಗಡೆಯ ಶುಲ್ಕ'. ಜನಸಾಮಾನ್ಯರು ಇಂದಿಗೂ ಎರಡನ್ನೂ ದಂಡವೆಂದೇ ಕರೆಯುತ್ತಾರೆ, ಪುಣ್ಯವಂತರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೈಗೆ ಬಂದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಕ್ಕೇ ಒಬ್ಬ ಅಧ್ಯಕ್ಷನಿದ್ದಾನೆ; ಅವನು ಊರಿನ ಮಹಾದ್ವಾರದ ಸಮೀಪದಲ್ಲಿ, ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ, ಬಾವುಟ ನೆಟ್ಟು ಶುಲ್ಕಶಾಲೆಯನ್ನು ಇಡಬೇಕೆಂದು ವಿಧಿ. ಸರಕು ತಂದವನು ಸಲ್ಲಿಸಬೇಕಾದುದು ಶುಲ್ಕ, ತಪ್ಪು ಮಾಡಿದವನು ತೆರಬೇಕಾದುದು ದಂಡ. ಕೌಟಿಲ್ಯನಷ್ಟು ನಿಷ್ಠುರನೂ ಒಂದನ್ನು ಇನ್ನೊಂದರ ವೇಷದಲ್ಲಿ ಕಳುಹಲಿಲ್ಲ. ಆ ಶುಲ್ಕವೇ ನಮ್ಮ ಬಾಯಲ್ಲಿ ಸವೆದು ಸುಂಕವಾಯಿತು, ಬೆಂಗಳೂರಿನ ಸುಂಕದಕಟ್ಟೆಯಾಯಿತು, ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆಯಾಯಿತು. ದಂಡವೂ ಸುಮ್ಮನೆ ಕುಳಿತಿಲ್ಲ: ವ್ಯರ್ಥವಾದ ಖರ್ಚಿಗೆ "ಎಲ್ಲ ದಂಡ" ಎಂದು ನಿಟ್ಟುಸಿರಿಡುವಾಗ ಕನ್ನಡಿಗನು ನ್ಯಾಯಶಾಸ್ತ್ರವನ್ನೂ ಲೆಕ್ಕಶಾಸ್ತ್ರವನ್ನೂ ಒಂದೇ ಪದದಲ್ಲಿ ಮುಗಿಸುತ್ತಾನೆ. ನಮ್ಮ ಸರ್ಕಾರದಲ್ಲಿ ಇನ್ನಾವ ದೋಷವಿದ್ದರೂ ದಂಡವನ್ನು ದಂಡವೆಂದು ಕರೆಯುವ ಧೈರ್ಯ ಉಳಿದಿದೆ. 2023ರ ಫೆಬ್ರವರಿಯಲ್ಲಿ ಸಂಚಾರದ ಹಳೆಯ ದಂಡಗಳಿಗೆ ಅರ್ಧಕ್ಕರ್ಧ ರಿಯಾಯಿತಿ ಸಾರಿದಾಗ ಜನ ಆಷಾಢದ ಸೀರೆ ಮಾರಾಟಕ್ಕೆ ನೆರೆದಂತೆ ನೆರೆದರಷ್ಟೆ. ಶುಲ್ಕವೆಂದಿದ್ದರೆ ಅಷ್ಟು ಸಂಭ್ರಮವಿರುತ್ತಿತ್ತೆ?

ಮತ್ತೊಂದು ಮಾತು. ಪತ್ರವನ್ನು ಮಗಳು ಓದಿ ಕನ್ನಡದಲ್ಲಿ ಹೇಳುವಾಗ, ಆರಂಭದಿಂದ ಅಂತ್ಯದವರೆಗೆ ಏಕವಚನ. "ನೀನು ಕೊಡತಕ್ಕದ್ದು", "ನಿನ್ನ ಖಾತೆಯಿಂದ". ನನ್ನ ಹುಬ್ಬು ಗಂಟಿಕ್ಕಿದುದನ್ನು ಕಂಡು ಅವಳು, "ಅಪ್ಪಾ, ಇಲ್ಲಿ ಎಲ್ಲರಿಗೂ ನೀನೇ" ಎಂದಳು. ವಿಚಾರಿಸಿದರೆ ಇದಕ್ಕೂ ಇತಿಹಾಸವಿದೆ. 1967ರಲ್ಲಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥನಾಗಿ ಬಂದ ಬ್ರೂರ್ ರೆಕ್ಸೆಡ್ ಎಂಬಾತ, ಇನ್ನು ಮುಂದೆ ತಾನು ಕಚೇರಿಯಲ್ಲಿ ಸಕಲರನ್ನೂ ಏಕವಚನದಲ್ಲಿಯೇ ಕರೆಯುವುದಾಗಿ ಸಾರಿದನಂತೆ; ದೇಶ ಆ ದಾರಿಯನ್ನೇ ಹಿಡಿಯಿತು. ಅದೇ ವರ್ಷದ ಸೆಪ್ಟೆಂಬರ್ 3ರಂದು ಈ ಜನ ಒಂದು ಬೆಳಗಿನ ಜಾವ ರಸ್ತೆಯ ಎಡಗಡೆಯನ್ನು ಬಿಟ್ಟು ಬಲಗಡೆಗೆ ಸರಿದರು. ಒಂದೇ ವರ್ಷದಲ್ಲಿ ರಸ್ತೆಯನ್ನೂ ಸರ್ವನಾಮವನ್ನೂ ಬದಲಿಸಿದ ಜನಾಂಗವನ್ನು ಕುರಿತು ನನಗೆ ಗೌರವವಿದೆ. ಆದರೂ, ಹಣ ಕೇಳುವಾಗಲಾದರೂ 'ತಾವು' ಎನ್ನಬಹುದಿತ್ತು.

ಲೀಸೆಂಬ ಪದ ನನಗೆ ಪರಿಚಯವಾಗುವುದಕ್ಕೆ ಬಹು ಹಿಂದೆ, ತಿಪಟೂರಿನಲ್ಲಿ, ಹೈಸ್ಕೂಲಿನ ದಿನಗಳಲ್ಲಿ, ಗಂಟೆಗಿಷ್ಟೆಂದು ಬಾಡಿಗೆ ಸೈಕಲ್ಲು ಕೊಡುತ್ತಿದ್ದ ಸಾಹೇಬರೊಬ್ಬರ ಅಂಗಡಿಯಿತ್ತು. ಹಲಗೆಯ ಮೇಲೆ ಸೀಮೆಸುಣ್ಣದಿಂದ ಹೊರಟ ವೇಳೆಯನ್ನು ಬರೆದು, ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು ಅವರು ಸೈಕಲ್ಲನ್ನು ಕೊಡುವರು. ಒಂದು ಸಂಜೆ ಕತ್ತಲಾದ ಮೇಲೆ, ದೀಪವಿಲ್ಲದೆ, ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದವನನ್ನು ಪೇದೆ ಹಿಡಿದು, ಎರಡೂ ಚಕ್ರದ ಗಾಳಿ ಬಿಟ್ಟು, ಸೈಕಲ್ಲನ್ನು ಠಾಣೆಯ ಗೋಡೆಗೆ ಒರಗಿಸಿಬಿಟ್ಟನು. ಅಳುಮೋರೆಯಿಂದ ಅಂಗಡಿಗೆ ಹೋದೆ. ಸಾಹೇಬರು ನನ್ನನ್ನು ಸಾಕಷ್ಟು ಬಯ್ದರು. ಬಯ್ದು, ಅಂಗಡಿಗೆ ಅರ್ಧ ಬಾಗಿಲೆಳೆದು, ಪಂಪನ್ನು ಕಂಕುಳಲ್ಲಿರಿಸಿಕೊಂಡು ನನ್ನೊಡನೆ ಠಾಣೆಗೆ ನಡೆದರು. ದೀಪವಿಲ್ಲದ ಸೈಕಲ್ಲನ್ನು ಸಂಜೆ ಕೊಟ್ಟದ್ದು ತಮ್ಮ ತಪ್ಪು, ಇಬ್ಬರು ಕುಳಿತದ್ದು ಹುಡುಗರ ತಪ್ಪು, ಗಾಳಿ ಬಿಟ್ಟದ್ದು ಪೇದೆಯ ತಪ್ಪು ಎಂದು ಮೂರು ಪಾಲು ಮಾಡಿ ವಾದಿಸಿದ ಆ ನ್ಯಾಯನಿರ್ಣಯವನ್ನು ಕೇಳಿ ದಫೇದಾರರು ನಕ್ಕು ಬಿಟ್ಟು ಕಳುಹಿದರು. ಠಾಣೆಯಲ್ಲಿ ಕಳೆದ ಮುಕ್ಕಾಲು ಗಂಟೆಯ ಬಾಡಿಗೆಯನ್ನು ಸಾಹೇಬರು ತಪ್ಪದೆ ತೆಗೆದುಕೊಂಡರು; ನಡೆದು ಬಂದುದಕ್ಕೆ ಏನನ್ನೂ ಕೇಳಲಿಲ್ಲ.

ಅಳಿಯಂದಿರು ಕಂಪೆನಿಗೆ ಎರಡು ಸಲ ಬರೆದರು. ಹಣ ಕಟ್ಟಿಯಾದುದರಿಂದ ತಕರಾರಿಗೆ ಅವಕಾಶವಿಲ್ಲವೆಂದು ಮೊದಲ ಉತ್ತರ. ಕರಾರಿನ ಹನ್ನೊಂದನೆಯ ಕಲಮನ್ನು ನೋಡೆಂದು ಎರಡನೆಯದು. "ಬಿಟ್ಟುಬಿಡಿ ಮಾವ, ಬೇಸಗೆಗೆ ಹೇಗೂ ಕಾರು ವಾಪಸು ಕೊಡುತ್ತೇವೆ" ಎಂದರು. ಹಾಗೆ ಕೊಡುವ ಹಿಂದಿನ ರಾತ್ರಿ ಮೆಲ್ಲನೆ ಕೆಳಗಿಳಿದು ಹೋಗಿ ನಾಲ್ಕೂ ಚಕ್ರದ ಗಾಳಿ ಬಿಡುವ ದುರಾಲೋಚನೆಯೊಂದು ನನ್ನ ತಲೆಯಲ್ಲಿ ಸುಳಿಯದಿರಲಿಲ್ಲ. ಆ ಹನ್ನೊಂದನೆಯ ಕಲಮಿನಲ್ಲಿ ಅದಕ್ಕೂ ಒಂದು ಶುಲ್ಕವಿದ್ದೀತೆಂದು ಸುಮ್ಮನಾದೆ.