ಬಿಡುಗಡೆಯ ಸುದ್ದಿಗೂ ಅವಸರವಿರಲಿ

2024ರ ಡಿಸೆಂಬರ್ 13, ಶುಕ್ರವಾರ. ಸಂಧ್ಯಾ ಚಿತ್ರಮಂದಿರದ ಕಾಲ್ತುಳಿತದಲ್ಲಿ ಮಹಿಳೆಯೊಬ್ಬರು ಸತ್ತ ಪ್ರಕರಣದಲ್ಲಿ ಹೈದರಾಬಾದ್ ಪೊಲೀಸರು ನಟ ಅಲ್ಲು ಅರ್ಜುನ್ ಅವರನ್ನು ಬಂಧಿಸಿದರು. ನಾಂಪಲ್ಲಿಯ ನ್ಯಾಯಾಲಯ ಹದಿನಾಲ್ಕು ದಿನಗಳ ನ್ಯಾಯಾಂಗ ಬಂಧನ ವಿಧಿಸಿತು. ಅದೇ ಸಂಜೆ ತೆಲಂಗಾಣ ಹೈಕೋರ್ಟ್ ನಾಲ್ಕು ವಾರಗಳ ಮಧ್ಯಂತರ ಜಾಮೀನು ಕೊಟ್ಟಿತು. ದೇಶದ ಎಲ್ಲ ವಾಹಿನಿಗಳಲ್ಲೂ ಸುದ್ದಿ ಬಂತು. ಆದರೆ ಆದೇಶದ ಪ್ರತಿ ಹೊತ್ತಿಗೆ ಸರಿಯಾಗಿ ಚಂಚಲಗೂಡ ಜೈಲಿನ ಕೈಸೇರಲಿಲ್ಲ. ಅವರು ಹೊರಬಂದದ್ದು ಮರುದಿನ ಬೆಳಗಿನ ಜಾವ. ಮೂಸಿ ದಂಡೆಯ ಹೈಕೋರ್ಟಿನಿಂದ ಚಂಚಲಗೂಡಕ್ಕೆ ಇರುವುದು ಕೆಲವೇ ಕಿಲೋಮೀಟರ್ ದಾರಿ.

ಆ ರಾತ್ರಿ ಯಾರ ತಪ್ಪು ಎಂಬ ಜಗಳ ಆಗ ಬೇಕಾದಷ್ಟು ನಡೆಯಿತು. ನನ್ನನ್ನು ಕಾಡುವುದು ಬೇರೆ. ಹಿರಿಯ ವಕೀಲರ ದಂಡು, ಜೈಲಿನ ಬಾಗಿಲಲ್ಲಿ ಕ್ಯಾಮೆರಾಗಳ ಸಾಲು ಇದ್ದವರಿಗೇ ಒಂದು ರಾತ್ರಿ ಹಿಡಿದರೆ, ಯಾದಗಿರಿಯಿಂದಲೋ ರಾಯಚೂರಿನಿಂದಲೋ ಕಟ್ಟಡ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಯಾವುದೋ ಹೊಡೆದಾಟದ ಕೇಸಿನಲ್ಲಿ ಒಳಗೆ ಹೋದ ಹುಡುಗನಿಗೆ ಎಷ್ಟು ರಾತ್ರಿ ಹಿಡಿಯಬಹುದು? ಅವನ ತಾಯಿಗೆ ತೆಲುಗು ಓದಲು ಬಾರದು. ಜಾಮೀನು ಸಿಕ್ಕಿತೆಂದು ಅವಳಿಗೆ ಹೇಳುವವರು ಯಾರು?

ಇದು ಊಹೆಯ ಆತಂಕವಲ್ಲ. ಜಾಮೀನು ಮಂಜೂರಾಗಿಯೂ ದೇಶದ ಜೈಲುಗಳಲ್ಲಿ ಉಳಿದಿದ್ದ ವಿಚಾರಣಾಧೀನ ಕೈದಿಗಳು ಸುಮಾರು ಐದು ಸಾವಿರ ಎಂಬ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಅದನ್ನು ನೋಡಿದ ನ್ಯಾಯಾಲಯ 2023ರ ಜನವರಿ 31ರಂದು ಹೊರಡಿಸಿದ ನಿರ್ದೇಶನ ಬಹಳ ಸರಳವಾಗಿದೆ. ಜಾಮೀನು ಕೊಟ್ಟ ದಿನವೇ, ತಪ್ಪಿದರೆ ಮರುದಿನ, ಆದೇಶದ ಪ್ರತಿಯನ್ನು ಇ-ಮೇಲ್ ಮೂಲಕ ಜೈಲು ಸೂಪರಿಂಟೆಂಡೆಂಟ್‌ಗೆ ಕಳಿಸಬೇಕು. ಅವರು ಆ ದಿನಾಂಕವನ್ನು ಇ-ಪ್ರಿಸನ್ಸ್ ತಂತ್ರಾಂಶದಲ್ಲಿ ದಾಖಲಿಸಬೇಕು. ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಇಷ್ಟು ಕೆಲಸಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯವೇ ಆದೇಶ ಬರೆಯಬೇಕಾಯಿತು. ಪೊಲೀಸ್, ಕೋರ್ಟ್, ಜೈಲುಗಳ ನಡುವೆ ಮಾಹಿತಿ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗೆಂದು ಈ ಇಲಾಖೆಗಳನ್ನು ಜೋಡಿಸುವ ಪ್ರಯತ್ನ ಹೊಸದೇನಲ್ಲ. 2008ರ ಮುಂಬೈ ದಾಳಿಯ ನಂತರ, 2009ರಲ್ಲಿ ಕೇಂದ್ರ ಸರ್ಕಾರ ಠಾಣೆಗಳನ್ನು ಗಣಕಜಾಲದಲ್ಲಿ ಜೋಡಿಸುವ ಎರಡು ಸಾವಿರ ಕೋಟಿ ರೂಪಾಯಿಯ ಸಿಸಿಟಿಎನ್‌ಎಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಿಂದ ಇವತ್ತು ದೇಶದ 17 ಸಾವಿರಕ್ಕೂ ಹೆಚ್ಚು ಠಾಣೆಗಳು ಒಂದೇ ಜಾಲದಲ್ಲಿವೆ. ಅದಕ್ಕೆ ಕೋರ್ಟು, ಜೈಲು, ಸರ್ಕಾರಿ ಅಭಿಯೋಜನೆ, ವಿಧಿವಿಜ್ಞಾನ ಪ್ರಯೋಗಾಲಯಗಳನ್ನು ಸೇರಿಸಿ ಕಟ್ಟಿದ ವ್ಯವಸ್ಥೆ ಐಸಿಜೆಎಸ್. ಪೊಲೀಸ್ ಮತ್ತು ನ್ಯಾಯಾಲಯದ ನಡುವೆ ನೇರ ವಿದ್ಯುನ್ಮಾನ ವಿನಿಮಯವನ್ನು ಪ್ರಾಯೋಗಿಕವಾಗಿ ಶುರುಮಾಡಿದ್ದು ತೆಲಂಗಾಣದಲ್ಲೇ, 2018ರ ಡಿಸೆಂಬರಿನಲ್ಲಿ, ವಾರಂಗಲ್ಲಿನಲ್ಲಿ. 2022ರಲ್ಲಿ ಎರಡನೇ ಹಂತಕ್ಕೆ 3,375 ಕೋಟಿ ರೂಪಾಯಿ ಮಂಜೂರಾಯಿತು. ಒಂದು ಮಾಹಿತಿಯನ್ನು ಒಂದೇ ಸಲ ನಮೂದಿಸಿದರೆ ಸಾಕು, ಎಲ್ಲರೂ ಅದನ್ನೇ ಬಳಸಲಿ ಎಂಬುದು ಅದರ ತತ್ವ.

ತತ್ವ ಒಳ್ಳೆಯದು. ಆದರೆ ಒಂದೇ ಸಲ ನಮೂದಾಗುವ ಆ ಮಾಹಿತಿ ತಪ್ಪಾಗಿದ್ದರೆ? ಅಥವಾ ಅಂದು ಸರಿಯಿದ್ದದ್ದು ಇಂದು ಹಳತಾಗಿದ್ದರೆ? ಹಿಂದೆ ಒಂದು ಠಾಣೆಯ ಪುಸ್ತಕದೊಳಗೇ ಉಳಿಯುತ್ತಿದ್ದ ತಪ್ಪು ಈಗ ಐದು ಇಲಾಖೆಗಳಿಗೆ ಹೋಗುತ್ತದೆ.

ಮುಂಬೈನ ವಕೀಲರೊಬ್ಬರ ವಿರುದ್ಧದ ಜಾಮೀನುರಹಿತ ವಾರಂಟನ್ನು ಕೋರ್ಟು ರದ್ದು ಮಾಡಿತ್ತು. ಆದರೂ 2002ರ ಆಗಸ್ಟ್ 15ರಂದು, ಅದೇ ವಾರಂಟಿನ ಮೇಲೆ ಪೊಲೀಸರು ಅವರನ್ನು ಬಂಧಿಸಿದರು. ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ವಾರಂಟ್‌ಗಳಿಗೆ ಕ್ರಮಸಂಖ್ಯೆ ಹಾಕಬೇಕು, ರಿಜಿಸ್ಟರ್ ಇಡಬೇಕು ಎಂಬ ಮಾರ್ಗಸೂಚಿ 2011ರಲ್ಲಿ ಬಂತು. ಅದು ಕಾಗದದ ಕಾಲದ ತಪ್ಪು, ಕಂಪ್ಯೂಟರ್ ಬಂದರೆ ಹೋಗುತ್ತದೆ ಎನ್ನುವವರು ಅಮೆರಿಕದ ಫೀನಿಕ್ಸ್ ನಗರದ ಪ್ರಕರಣವನ್ನು ಓದಬೇಕು. 1991ರ ಜನವರಿಯಲ್ಲಿ ಅಲ್ಲಿ ರಸ್ತೆಯಲ್ಲಿ ತಡೆದ ಒಬ್ಬ ವ್ಯಕ್ತಿಯ ಹೆಸರನ್ನು ಪೊಲೀಸರು ವಾಹನದೊಳಗಿನ ಕಂಪ್ಯೂಟರಿನಲ್ಲಿ ಹುಡುಕಿದರು. ವಾರಂಟ್ ಇದೆ ಎಂದು ಪರದೆ ಹೇಳಿತು, ಬಂಧಿಸಿದರು. ಆ ವಾರಂಟ್ ಹದಿನೇಳು ದಿನಗಳ ಹಿಂದೆಯೇ ರದ್ದಾಗಿತ್ತು. ಕೋರ್ಟಿನಿಂದ ಪೊಲೀಸರಿಗೆ ಹೋಗಬೇಕಾದ ಒಂದು ಸಂದೇಶ ಹೋಗಿರಲಿಲ್ಲ.

ಯಾಕೆ ಹೀಗಾಗುತ್ತದೆ? ಆರೋಪಕ್ಕೆ ವಾರಸುದಾರರು ಇದ್ದಾರೆ, ಖುಲಾಸೆಗೆ ಇಲ್ಲ. ಎಫ್‌ಐಆರ್ ದಾಖಲಾಗದಿದ್ದರೆ ಮೇಲಿನವರು ಕೇಳುತ್ತಾರೆ, ಚಾರ್ಜ್‌ಶೀಟ್ ತಡವಾದರೆ ಆರೋಪಿಗೆ ಜಾಮೀನು ಸಿಗುತ್ತದೆ, ಹಾಗಾಗಿ ಆ ನಮೂದುಗಳಿಗೆ ಅವಸರವಿದೆ. ಖುಲಾಸೆಯಾದವನ ಹೆಸರಿನ ಮುಂದೆ ‘ಖುಲಾಸೆ’ ಎಂದು ಬರೆಯದಿದ್ದರೆ ಯಾವ ಅಧಿಕಾರಿಯನ್ನೂ ಯಾರೂ ಕೇಳುವುದಿಲ್ಲ. ಕೋರ್ಟ್ ಡ್ಯೂಟಿಯ ಕಾನ್‌ಸ್ಟೆಬಲ್ ತೀರ್ಪಿನ ಸಾಲನ್ನು ಡೈರಿಯಲ್ಲಿ ಬರೆದುಕೊಂಡು ಠಾಣೆಗೆ ಬರುತ್ತಾನೆ; ದಾಖಲೆ ಬರೆಯುವ ರೈಟರ್‌ಗೆ ಆ ಹೊತ್ತಿಗೆ ಹತ್ತು ಕೆಲಸ. ಅಲ್ಲಿಗೆ ಅದು ನಿಲ್ಲುತ್ತದೆ. ಕಷ್ಟಪಟ್ಟು ದುಡಿಯುವ ಈ ಕೆಳಹಂತದ ಸಿಬ್ಬಂದಿಯನ್ನು ನಾನು ದೂರುತ್ತಿಲ್ಲ. ಆ ನಮೂದು ತಮ್ಮ ಹೊಣೆಯೆಂದು ಅವರಿಗೆ ಯಾರೂ ಹೇಳಿಲ್ಲ, ಅದಕ್ಕೆ ಸಮಯವನ್ನೂ ಕೊಟ್ಟಿಲ್ಲ.

ಹೆಸರಿನ ತೊಡಕು ಬೇರೆಯೇ ಇದೆ. ದಖ್ಖನ್ನಿನಲ್ಲಿ ಅದು ಸಣ್ಣದಲ್ಲ. ಹೈದರಾಬಾದಿನ ಹಳೆಯ ನಗರದಲ್ಲಿ ಮೊಹಮ್ಮದ್ ಎಂಬ ಹೆಸರನ್ನು ಒಬ್ಬ ರೈಟರ್ ಪೂರ್ತಿ ಬರೆದರೆ, ಇನ್ನೊಬ್ಬರು ‘ಎಂ.ಡಿ.’ ಎಂದು ಮೊಟಕು ಮಾಡುತ್ತಾರೆ. ತೆಲುಗರ ಮನೆತನದ ಹೆಸರು ಮುಂದೆ ಬರುತ್ತದೆ. ಬೀದರ್, ಕಲಬುರಗಿ ಕಡೆಯ ಅಡ್ಡಹೆಸರು ಕೊನೆಗೆ. ಮೈಸೂರು ಕಡೆಯವರಿಗೆ ಊರು, ತಂದೆಯ ಹೆಸರಿನ ಮೊದಲಕ್ಷರ. ಬೀದರಿನ ಎಫ್‌ಐಆರ್ ಕನ್ನಡದಲ್ಲಿದೆ, ಹೈದರಾಬಾದಿನ ಅಫ್ಜಲ್‌ಗಂಜಿನ ಠಾಣೆಯ ಕೆಲಸ ತೆಲುಗು, ಇಂಗ್ಲಿಷಿನಲ್ಲಿ. 2025ರ ಜನವರಿ 16ರಂದು ಬೀದರಿನಲ್ಲಿ ಹಾಡಹಗಲೇ ಎಟಿಎಂಗೆ ಹಣ ತುಂಬುವ ಸಿಬ್ಬಂದಿಗೆ ಗುಂಡು ಹೊಡೆದು, ಹಣದ ಪೆಟ್ಟಿಗೆಯೊಂದಿಗೆ ಬೈಕಿನಲ್ಲಿ ಪರಾರಿಯಾದ ಇಬ್ಬರು ಅದೇ ಸಂಜೆ ಅಫ್ಜಲ್‌ಗಂಜಿನ ಟ್ರಾವೆಲ್ಸ್ ಕಚೇರಿಯಲ್ಲಿ ಇನ್ನೊಬ್ಬರ ಮೇಲೆ ಗುಂಡು ಹಾರಿಸಿದರು. ಗಡಿ ದಾಟುವ ಇಂಥ ಅಪರಾಧವನ್ನು ಎದುರಿಸಲು ಎರಡು ರಾಜ್ಯಗಳ ಪೊಲೀಸರ ನಡುವೆ ಮಾಹಿತಿ ನಿಮಿಷಗಳಲ್ಲಿ ಹರಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಹೋಲಿಕೆ ಮಾತ್ರಕ್ಕೇ ಒಬ್ಬ ಮನುಷ್ಯನನ್ನು ಹಿಡಿದರೆ ಏನಾಗುತ್ತದೆ ಎಂಬುದನ್ನೂ ತೆಲಂಗಾಣ ನೋಡಿದೆ. 2023ರ ಜನವರಿಯಲ್ಲಿ ಸರಗಳ್ಳತನದ ಸಿಸಿಟಿವಿ ದೃಶ್ಯದಲ್ಲಿ ಕಂಡವನಂತೆ ಇದ್ದಾನೆಂಬ ಅನುಮಾನದ ಮೇಲೆ ಮೇದಕ್ ಪೊಲೀಸರು ಒಬ್ಬ ಕೂಲಿ ಕಾರ್ಮಿಕನನ್ನು ವಶಕ್ಕೆ ಪಡೆದರು. ಬಿಟ್ಟು ಕಳಿಸಿದ ಮೇಲೆ, ಫೆಬ್ರವರಿಯಲ್ಲಿ, ಹೈದರಾಬಾದಿನ ಗಾಂಧಿ ಆಸ್ಪತ್ರೆಯಲ್ಲಿ ಆತ ತೀರಿಕೊಂಡ. ಠಾಣೆಯಲ್ಲಿ ಹೊಡೆದರೆಂದು ಮನೆಯವರು ಆರೋಪಿಸಿದರು. ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಇಂಥ ಹೋಲಿಕೆಯನ್ನು ಯಂತ್ರಕ್ಕೇ ಬಿಡುವ, ಮುಖಚಹರೆ ಗುರುತಿಸುವ ತಂತ್ರಜ್ಞಾನವನ್ನು ತೆಲಂಗಾಣ ಪೊಲೀಸರು 2018ರಿಂದಲೇ ಬಳಸುತ್ತಿದ್ದಾರೆ. ಅದಕ್ಕೆ ಕಾನೂನಿನ ಆಧಾರವೇನೆಂದು ಕೇಳುವ ಅರ್ಜಿ ಹೈಕೋರ್ಟಿನ ಮುಂದೆ ಬಂತು, 2022ರಲ್ಲಿ ನೋಟಿಸ್ ಹೊರಟಿತು. ಅದೇ ವರ್ಷದ ಆಗಸ್ಟಿನಲ್ಲಿ ಬಂಜಾರಾ ಹಿಲ್ಸ್‌ನಲ್ಲಿ ಪೊಲೀಸ್ ಕಮಾಂಡ್ ಕಂಟ್ರೋಲ್ ಕೇಂದ್ರದ ಗೋಪುರಗಳು ಉದ್ಘಾಟನೆಯಾದವು. 2024ರಲ್ಲಿ ಜನರು ದೂರು ಕೊಡುವ ಹಾಕ್ ಐ ಎಂಬ ಪೊಲೀಸರದೇ ಆ್ಯಪಿನ ಮಾಹಿತಿ ಸೋರಿ, ಆರೋಪಿಯನ್ನು ದೆಹಲಿಯ ಹತ್ತಿರ ಹೋಗಿ ಬಂಧಿಸಬೇಕಾಯಿತು. ನಂಬಿ ದೂರು ಕೊಟ್ಟ ಮಹಿಳೆಯರ ವಿವರಗಳಿರುವ ಕಣಜವನ್ನು ಕಾಯುವುದು ಕಟ್ಟಡ ಕಟ್ಟುವುದಕ್ಕಿಂತ ದೊಡ್ಡ ಕೆಲಸ.

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಒಂದು ಉದ್ದೇಶಕ್ಕೆ ಕೊಟ್ಟ ಮಾಹಿತಿಯನ್ನು ಇನ್ನೊಂದಕ್ಕೆ ಬಳಸುವಾಗ ಕಾನೂನು ಬೇಕು, ಕಾರಣ ಬೇಕು, ಮಿತಿ ಬೇಕು. ಠಾಣೆಯ ಮಾಹಿತಿ ಜೈಲಿಗೂ ಪ್ರಯೋಗಾಲಯಕ್ಕೂ ಹೋಗುವ ವ್ಯವಸ್ಥೆಗೆ ಈ ಮೂರೂ ಅನ್ವಯ.

ಹಾಗಾದರೆ ಈ ಇಲಾಖೆಗಳನ್ನು ಜೋಡಿಸುವ ಯೋಜನೆ ಹೇಗಿರಬೇಕು? ಕಂಪನಿಯ ಪ್ರದರ್ಶನ ನೋಡಿ ತಂತ್ರಾಂಶ ಕೊಳ್ಳುವ ಮೊದಲು, ಠಾಣೆಯ ರೈಟರ್, ನಾಂಪಲ್ಲಿ ಕೋರ್ಟಿನ ಗುಮಾಸ್ತ, ಚಂಚಲಗೂಡದ ಜೈಲು ಸಿಬ್ಬಂದಿ, ಸರ್ಕಾರಿ ವಕೀಲರು, ರೆಡ್ ಹಿಲ್ಸ್‌ನ ವಿಧಿವಿಜ್ಞಾನ ಪ್ರಯೋಗಾಲಯದವರು, ಕಾನೂನು ನೆರವಿನ ವಕೀಲರನ್ನು ಒಂದೇ ಮೇಜಿಗೆ ಕರೆದು ಕೂರಿಸಬೇಕು. ಬಂಧನ, ರಿಮಾಂಡ್, ಜಾಮೀನು, ವಾರಂಟ್ ರದ್ದು, ಖುಲಾಸೆ, ಮೇಲ್ಮನವಿ, ಒಂದೊಂದನ್ನೂ ಎತ್ತಿಕೊಂಡು, ಯಾರು ಯಾರಿಗೆ ಏನು ಕಳಿಸಬೇಕು, ಎಷ್ಟು ಗಂಟೆಯೊಳಗೆ, ತಪ್ಪಿದರೆ ಯಾರು ಉತ್ತರ ಕೊಡಬೇಕು ಎಂದು ಬರೆಯಬೇಕು. ಅಮೆರಿಕದ ಕೆಲವು ರಾಜ್ಯಗಳು ದಶಕಗಳ ಹಿಂದೆ ಇಂಥ ವಿನಿಮಯದ ನಕ್ಷೆಗಳನ್ನು ಮೊದಲು ಬರೆದು ಆಮೇಲೆ ಕಂಪ್ಯೂಟರಿನ ಕಡೆ ನಡೆದವು. ನಮ್ಮಲ್ಲಿ ಜಾಮೀನು, ವಾರಂಟ್ ರದ್ದು, ಖುಲಾಸೆ ಈ ಮೂರೇ ಆ ನಕ್ಷೆಯ ಮೊದಲ ಪುಟದಲ್ಲಿ ಬರಲಿ ಎಂದು ನಾನು ಹೇಳುತ್ತೇನೆ.

ಹೊಸ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಸಾವಿನ ಅಥವಾ ಜೀವಾವಧಿ ಶಿಕ್ಷೆಯಿಲ್ಲದ ಪ್ರಕರಣದಲ್ಲಿ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದರಷ್ಟು ಕಾಲ ಜೈಲಿನಲ್ಲಿ ಕಳೆದಿದ್ದರೆ ಬಾಂಡಿನ ಮೇಲೆ ಬಿಡುಗಡೆಗೆ ಅರ್ಹ. ಅರ್ಜಿ ಹಾಕುವ ಹೊಣೆ ಜೈಲು ಸೂಪರಿಂಟೆಂಡೆಂಟರದು. ಇದು ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಬಂಧನದ ದಿನಾಂಕ ಜೈಲಿನಲ್ಲಿದೆ, ಕಲಮುಗಳು ಚಾರ್ಜ್‌ಶೀಟಿನಲ್ಲಿವೆ, ಹಿಂದೆ ಶಿಕ್ಷೆಯಾಗಿತ್ತೇ ಎಂಬುದು ಕೋರ್ಟಿನ ದಾಖಲೆಯಲ್ಲಿದೆ. ಮೂರನ್ನೂ ಸೇರಿಸಿ ಪ್ರತಿದಿನ ಬೆಳಿಗ್ಗೆ ಅರ್ಹರ ಪಟ್ಟಿಯನ್ನು ಸೂಪರಿಂಟೆಂಡೆಂಟರ ಪರದೆಗೆ ತರುವುದು ಐಸಿಜೆಎಸ್‌ನಿಂದ ಆಗುವ ಕೆಲಸ. ಅದೇ ಸಂಹಿತೆ, ತನಿಖೆ ಎಲ್ಲಿಗೆ ಬಂತೆಂದು ತೊಂಬತ್ತು ದಿನದೊಳಗೆ ಸಂತ್ರಸ್ತರಿಗೆ ತಿಳಿಸಬೇಕೆಂದೂ ಹೇಳುತ್ತದೆ. ದೂರು ಸ್ವೀಕರಿಸುವುದರಲ್ಲೂ ವಿಳಂಬವಿತ್ತು. 2019ರ ನವೆಂಬರಿನ ಒಂದು ರಾತ್ರಿ, ಶಂಷಾಬಾದ್ ಹತ್ತಿರ ಕಾಣೆಯಾದ ಪಶುವೈದ್ಯೆಯನ್ನು ಹುಡುಕುತ್ತ ಅಲೆದ ಮನೆಯವರಿಗೆ ನಮ್ಮ ಸರಹದ್ದಲ್ಲ ಎಂಬ ಉತ್ತರ ಸಿಕ್ಕಿದ್ದನ್ನು, ಆ ವಿಳಂಬಕ್ಕಾಗಿ ಮೂವರು ಪೊಲೀಸರು ಅಮಾನತಾದದ್ದನ್ನು ಹೈದರಾಬಾದ್ ಮರೆತಿಲ್ಲ. ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಲೇಬೇಕು ಎಂಬುದು ಈಗ 173ನೇ ಕಲಮಿನಲ್ಲೇ ಇದೆ. ಹಾಗೆ ಪಡೆದ ದೂರು ಸರಿಯಾದ ಠಾಣೆಗೆ ಎಷ್ಟು ಹೊತ್ತಿಗೆ ತಲುಪಿತು ಎಂಬ ಲೆಕ್ಕವನ್ನೂ ಜಾಲ ಇಡಬೇಕು.

ಕರ್ನಾಟಕ ಸರ್ಕಾರಕ್ಕೂ ಒಂದು ಮಾತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಕಾನೂನು ಸೇವಾ ಪ್ರಾಧಿಕಾರಗಳು ಹೈದರಾಬಾದಿನ ಪ್ರಾಧಿಕಾರದೊಂದಿಗೆ ಒಪ್ಪಂದ ಮಾಡಿಕೊಂಡು, ಅಲ್ಲಿನ ಜೈಲುಗಳಲ್ಲಿರುವ ನಮ್ಮ ಜಿಲ್ಲೆಗಳವರ ಜಾಮೀನಿನ ವಿವರವನ್ನು ಕನ್ನಡದಲ್ಲಿ ಅವರ ಮನೆಗೆ ತಲುಪಿಸುವ ಕೆಲಸ ಆರಂಭಿಸಲಿ. ಇದಕ್ಕೆ ಹೊಸ ತಂತ್ರಾಂಶ ಬೇಡ, ಹೊಸ ಕಟ್ಟಡ ಬೇಡ. ಎರಡು ಕಚೇರಿಗಳಲ್ಲಿ ಇಬ್ಬರು ಸಿಬ್ಬಂದಿ, ಒಂದು ದೂರವಾಣಿ ಸಂಖ್ಯೆ ಸಾಕು. ಬರುವ ಬಜೆಟ್ಟಿಗೆ ಕಾಯದೆ ಇದನ್ನು ಈ ತಿಂಗಳೇ ಶುರುಮಾಡಬಹುದು.