ಹೆಸರು ನೋಡಿ ಬೆಲೆ ಕಟ್ಟಬೇಡಿ | ಹಳೇ ಬೆಳ್ಳಿ ಸರಣಿ, ಭಾಗ 4

ಕಳೆದ ಪೋಸ್ಟ್‌ಗೆ ಬಂದ ಪ್ರಶ್ನೆ ಎರಡೇ: "ಬ್ರ್ಯಾಂಡ್ ಯಾವ್ದು? ಎಷ್ಟಕ್ಕೆ ಹೋಗುತ್ತೆ?" ಮಾಡಿದ್ದು ಯಾರು ಅಂತ ಒಬ್ರೂ ಕೇಳ್ಲಿಲ್ಲ. ನನ್ನ ಜಗಳ ಇರೋದೇ ಇಲ್ಲಿ.

1️⃣ ಮೊದಲು ಲೋಹ. 1942ರಲ್ಲಿ ಅಮೆರಿಕ ಸರ್ಕಾರ ತವರದಂಥ ಲೋಹಗಳನ್ನ ಯುದ್ಧಕ್ಕೆ ಮೀಸಲಿಟ್ಟಿತು. ಫ್ಯಾನ್ಸಿ ಒಡವೆ ಮಾಡ್ತಿದ್ದ ಟ್ರಿಫಾರಿ, ಕೋರೋ ಕಂಪನಿಗಳು ಬೆಳ್ಳಿಗೆ ತಿರುಗಿದವು. ನೂರಕ್ಕೆ 92.5 ಭಾಗ ಬೆಳ್ಳಿ, ಎಷ್ಟೋ ಸಲ ಮೇಲೆ ಚಿನ್ನದ ಲೇಪ, ಹಿಂದೆ "ಸ್ಟರ್ಲಿಂಗ್" ಮುದ್ರೆ. ಅಂದ್ರೆ ಆ ಬ್ರೂಚ್ ಬೆಳ್ಳಿಯದಾಗಿದ್ದು ಶ್ರೀಮಂತಿಕೆಯಿಂದಲ್ಲ, ಕೊರತೆಯಿಂದ. ನಮ್ಮ "ಜರ್ಮನ್ ಸಿಲ್ವರ್"ನಲ್ಲಂತೂ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ಬರೀ ತಾಮ್ರ, ನಿಕಲ್, ಸತು. ಹೆಸರಿಗೆ ಮರುಳಾಗೋದು ನಮಗೇನು ಹೊಸದಲ್ಲ ಬಿಡಿ.

2️⃣ ಈಗ ಅಸಲಿ ವಿಷಯ. ಕೋರೋ ಕಂಪನಿಯ ಕಾರ್ಖಾನೆ ಇದ್ದದ್ದು ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ. ಅದರ ರಾಶಿ ರಾಶಿ ಡಿಸೈನ್ ಪೇಟೆಂಟ್‌ಗಳ ಮೇಲೆ ಇರೋ ಹೆಸರು ಅಡಾಲ್ಫ್ ಕಾಟ್ಜ್. ಆತ ಡಿಸೈನ್ ವಿಭಾಗದ ಮುಖ್ಯಸ್ಥ. ಅವುಗಳಲ್ಲಿ ಎಷ್ಟನ್ನೋ ಬರೆದ ಕೈ ಜೀನ್ ವೆರ್ರಿಯದು, ಇಟಲಿಯಿಂದ ವಲಸೆ ಬಂದ ಮನೆತನದ ಹುಡುಗ. ಆದ್ರೂ ಇವತ್ತಿಗೂ ಮಾರೋರು "ಕಾಟ್ಜ್ ಡಿಸೈನ್" ಅಂತಾನೇ ಮಾರ್ತಾರೆ, ನಾವು ಲೈಕ್ ಒತ್ತುತೀವಿ.

3️⃣ "ಸಂಬಳ ಕೊಟ್ಟಿದಾರಲ್ಲ, ಮುಗೀತು" ಅಂತೀರಾ? ಸಂಬಳ ಕೊಂಡಿದ್ದು ಡಿಸೈನನ್ನ, ಹೆಸರನ್ನಲ್ಲ. ನಮ್ಮ ಅಕೌಂಟ್ಸ್ ಕ್ಲಾಸಲ್ಲಿ ಗುಡ್‌ವಿಲ್ ಆಸ್ತಿ ಕಡೆ ಬರುತ್ತೆ. ಆ ಗುಡ್‌ವಿಲ್ ಕಟ್ಟಿದವನಿಗೆ ಲೆಡ್ಜರ್‌ನಲ್ಲಿ ಒಂದು ಸಾಲೂ ಇಲ್ಲ. ಲೆಕ್ಕದ ಪುಸ್ತಕ ಬಿಟ್ಟಿದ್ದನ್ನ ಸಂಗ್ರಹ ಮಾಡೋರೂ ಬಿಟ್ರೆ, ಅವನು ಇದ್ದ ಅನ್ನೋದಕ್ಕೆ ಸಾಕ್ಷಿ ಎಲ್ಲಿ?

4️⃣ ಹಾಗಾದ್ರೆ ಏನ್ ಮಾಡ್ಬೇಕು? ಒಡವೆ ತಿರುಗಿಸಿ, ಹಿಂಭಾಗ ಓದಿ. ಪೇಟೆಂಟ್ ನಂಬರ್ ಇದ್ರೆ ಗೂಗಲ್ ಪೇಟೆಂಟ್ಸ್‌ನಲ್ಲಿ ಹಾಕಿ, ದುಡ್ಡು ಬೇಡ. ಟ್ರಿಫಾರಿ ಮೇಲೆ ಕಾಪಿರೈಟ್ ಚಿಹ್ನೆ ಇದ್ದೂ "1940ರ ದಶಕದ್ದು" ಅಂದ್ರೆ ನಂಬಬೇಡಿ. ಫ್ಯಾನ್ಸಿ ಒಡವೆಗೂ ಕಾಪಿರೈಟ್ ಉಂಟು ಅಂತ ಟ್ರಿಫಾರಿ ಕೋರ್ಟಲ್ಲಿ ಗೆದ್ದಿದ್ದೇ 1955ರಲ್ಲಿ. ಪೇಟೆಂಟ್ ಸಿಕ್ಕಿದ ಮೇಲೂ ಒಂದು ಪ್ರಶ್ನೆ ಉಳಿಸ್ಕೊಳ್ಳಿ: ಇದು ಸಹಿ ಹಾಕಿದವನ ಹೆಸರಾ, ಕೆಲಸ ಮಾಡಿದವನ ಹೆಸರಾ?

ಉತ್ತರ ಸಿಗದಿದ್ರೆ "ಮಾಡಿದವರು ಗೊತ್ತಿಲ್ಲ" ಅಂತ ಬರೀರಿ. ಸುಳ್ಳು ಹೆಸರಿಗಿಂತ ಖಾಲಿ ಜಾಗ ಎಷ್ಟೋ ಮರ್ಯಾದೆ. ಒಪ್ಪಲ್ವಾ? ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ 👇

#ಹಳೇಬೆಳ್ಳಿ #ಮಾಡಿದ್ದುಯಾರು #ಹಿಂಭಾಗಓದಿ